ಯೂರಿಯಾ ಹಾಕದ ಸಾಲುಗಳು

ಮಾರ್ಚ್ 4
ಗಿಡ ಸವರುವ ಕೆಲಸ ಮುಗಿಯಿತು. ಕೈಯೆಲ್ಲ ಗೀರು. ಎಲೆ ಪರೀಕ್ಷೆಯ ವರದಿ ಮತ್ತೆ ಓದಿದೆ. ನಮ್ಮ ಸೇಬಿನ ಗಿಡಗಳಲ್ಲಿ ಸಾರಜನಕ ಆಗಲೇ ಹೆಚ್ಚು. ಹೋದ ವರ್ಷ ಹಣ್ಣು ಮೆತ್ತಗಾಗಿ ಕೋಲ್ಡ್ ಸ್ಟೋರೇಜಿನಿಂದ ಅರ್ಧ ವಾಪಸ್ ಬಂದದ್ದು ಇದಕ್ಕೇ ಇರಬೇಕು. ಆದರೂ ಶೆಡ್ಡಿನಲ್ಲಿ ಅದೇ ಸಾರಜನಕ ತುಂಬಿದ ಹೊಸ ಯೂರಿಯಾ ಮೂಟೆಗಳು! ಭಾವನ ಯಜಮಾನಿಕೆ. ಇವರಂತೂ ಅಣ್ಣನೆದುರು ಬಾಯಿ ಬಿಡುವುದಿಲ್ಲ.

ಮಾರ್ಚ್ 5
ಊಟದ ಹೊತ್ತಿಗೆ ಹೇಳಿಯೇಬಿಟ್ಟೆ — ಈ ವರ್ಷ ಯೂರಿಯಾ ಬೇಡ.
"ಹಸಿದ ಗಿಡ ಕಾಯಿ ಉದುರಿಸಿದ್ರೆ ಲ್ಯಾಬಿನವರು ಬಂದು ಅಂಟಿಸ್ತಾರಾ?" ಭಾವ ಕೇಳಿದರು.
"ಹೊಟ್ಟೆ ತುಂಬಿದವರ ಬಾಯಿಗೆ ತುರುಕ್ತಾ ಇದೀವಿ ಭಾವ. ದುಡ್ಡೂ ದಂಡ, ಹಣ್ಣೂ ದಂಡ."
ಇವರು ಅಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು, ನೀರು ಕುಡಿದರು. ಅಷ್ಟೇ ಇವರ ಅಭಿಪ್ರಾಯ.
ಕೊನೆಗೆ ರಾಜಿ. ಬೇಲಿ ಕಡೆಯ ಸಾಲುಗಳು ನನಗೆ, ಅಲ್ಲಿ ಯೂರಿಯಾ ಇಲ್ಲ. ಉಳಿದದ್ದು ಅವರಿಷ್ಟ.

ಏಪ್ರಿಲ್ 22
ಹೂವು ಎರಡೂ ಕಡೆ ಒಂದೇ ಸಮ. ಆದರೂ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ತೋಟಕ್ಕೆ ಹೋದೆ. ಉಕ್ಕಿತು.

ಜೂನ್ 9
ಭಾವನ ಸಾಲು ಕಡುಹಸಿರು. ನನ್ನದು ತಿಳಿ. ಕಾಯಿಯೂ ಸಣ್ಣದೇನೋ... ಅತ್ತೆ ಬೇರೆ, "ನಿನ್ನ ಗಿಡ ಬಡಕಲಾದ ಹಾಗಿದೆ ಕಣೇ" ಅಂದರು.

ಜೂನ್ 10, ಬೆಳಿಗ್ಗೆ
ತಡೆಯಲಾಗಲಿಲ್ಲ. ಶೆಡ್ಡಿಗೆ ಹೋಗಿ ಮೂಟೆ ಬಿಚ್ಚಿ ಬಕೆಟ್ ತುಂಬಿದೆ. ತಿರುಗಿದರೆ ಬಾಗಿಲಲ್ಲಿ ಭಾವ. ನಗುತ್ತಾರೆ ಅಂದುಕೊಂಡೆ. ಬಕೆಟ್ ಕಿತ್ತುಕೊಂಡು ಮೂಟೆಗೇ ವಾಪಸ್ ಸುರಿದರು.
"ಈಗ ಹಾಕಿದ್ರೆ ನೀನು ಸರಿಯೋ ನಾನು ಸರಿಯೋ ಯಾವತ್ತೂ ಗೊತ್ತಾಗಲ್ಲ. ಮುಂದಿನ ವರ್ಷವೂ ಇದೇ ಜಗಳ ಆಡೋಕೆ ನನ್ನ ಕೈಲಾಗಲ್ಲಮ್ಮ."
ನಾಚಿಕೆಯಾಯಿತು. ಹೋದ ಜೀವ ಬಂದಂತೆಯೂ ಆಯಿತು.

ಸೆಪ್ಟೆಂಬರ್ 16
ಕೊಯ್ಲು. ನನ್ನ ಹಣ್ಣು ಒಂದು ಸುತ್ತು ಸಣ್ಣ. ಆದರೆ ಎಂಥ ಕೆಂಪು! ಎರಡೂ ಕಡೆಯದನ್ನು ಬೇರೆ ಬೇರೆ ಪೆಟ್ಟಿಗೆಗೆ ತುಂಬಿಸಿ ಸ್ಟೋರೇಜಿಗೆ ಕಳಿಸಿದೆವು.

ಜನವರಿ 20
ಸ್ಟೋರೇಜಿನ ಮ್ಯಾನೇಜರ್ ಫೋನ್. ಭಾವನ ಹಣ್ಣು ಮೆತ್ತಗಾಗುತ್ತಿದೆಯಂತೆ, ಬೇಗ ಮಾರಬೇಕಂತೆ. ನನ್ನದು ಇನ್ನೂ ಗಟ್ಟಿ. ಕುಣಿಯಬೇಕಿತ್ತು. ಭಾವ ವರಾಂಡದಲ್ಲಿ ಒಂದು ಸೇಬು ಹಿಡಿದು ಹೆಬ್ಬೆರಳಲ್ಲಿ ಒತ್ತುತ್ತ ಕೂತಿದ್ದರು. ಕಾಫಿ ಲೋಟ ಪಕ್ಕದಲ್ಲಿಟ್ಟು ಒಳಗೆ ಬಂದೆ.

ಫೆಬ್ರವರಿ 27
ಎಷ್ಟು ಮೂಟೆ ಕಳಿಸಲಿ ಎಂದು ಕೇಳಲು ಗೊಬ್ಬರದಂಗಡಿಯವನು ಬಂದ. ಭಾವ ನನ್ನ ಕಡೆ ಕೈತೋರಿಸಿದರು. "ಅವಳನ್ನ ಕೇಳು."
ಒಳಗೆ ಬಂದು ಕೂತಿದ್ದೇನೆ. ಕೆಲವು ಸಾಲಲ್ಲ, ಈ ಸಲ ಇಡೀ ತೋಟ! ಪೂರ್ತಿ ಬೇಡವೆನ್ನಲೇ? ಸೊರಗಿದ ಗಿಡಗಳಿಗೆ ಸ್ವಲ್ಪ...? ಹೊರಗಿನಿಂದ ಭಾವನ ದನಿ — "ಏನಮ್ಮಾ, ಏನ್ ಹೇಳ್ಲಿ ಇವನಿಗೆ?"
ಹೇಳುವುದೇನೆಂದರೆ — ಒಂದು ಮೂಟೆಯೂ ಬೇಡ; ಶೆಡ್ಡಿನ ಬೀಗದ ಕೈ ಮಾತ್ರ ನೀವೇ ಇಟ್ಟುಕೊಳ್ಳಿ ಭಾವ.