ಹಳದಿ ಬಾವುಟದ ಪ್ರಶ್ನೆ

ಅಕ್ಟೋಬರ್ 14

ಪ್ರೀತಿಯ ಸುಮಯ್ಯಕ್ಕನಿಗೆ ನಿನ್ನ ಅರ್ವಾಳ ಸಲಾಮು.

ಫೋನ್ ಎತ್ತಲಿಲ್ಲವೆಂದು ಬೇಜಾರಾಗಬೇಡ. ನನ್ನ ದನಿ ಕೇಳಿದರೆ ನಿನಗೆ ಎಲ್ಲ ತಿಳಿದುಬಿಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಹೋಟೆಲಿನ ಕೋಣೆ ಬೆಚ್ಚಗಿದೆ.

ಸುಳ್ಳು ಸಂದರ್ಶನ ಮಾಡಿ ಜನರನ್ನು ಬೇಸ್ತು ಬೀಳಿಸುವ ಆ ಟಿವಿ ಹಾಸ್ಯ ಕಾರ್ಯಕ್ರಮ ಬಿಟ್ಟೆ. ನಿರ್ದೇಶಕ ಬ್ರೆಂಟ್ ನನ್ನನ್ನು ಆರಿಸಿದ ದಿನ ಹೇಳಿದ್ದು ನಿನಗೆ ನೆನಪಿರಬೇಕು: "ಇಷ್ಟು ದಿನ ಬಿಳಿಯರೇ ಮುಖಕ್ಕೆ ಬಣ್ಣ ಬಳ್ಕೊಂಡು ಅರಬರಾಗ್ತಿದ್ರು. ಈಗ ನಿಜವಾದವಳೇ ಸಿಕ್ಕಿದಾಳೆ!" ನಾನು ಹಿಗ್ಗಿದ್ದೆ. ನೀನು ಮಾತ್ರ, "ಅಮ್ಮನ ಇಂಗ್ಲಿಷನ್ನ ಅಣಕಿಸೋಕೆ ನೀನೇ ಬೇಕಿತ್ತೇನೇ?" ಎಂದಿದ್ದೆ.

ಮೊನ್ನೆ ಓಹಾಯೊದ ಸಣ್ಣ ಊರೊಂದರಲ್ಲಿ ಡ್ವೈಟ್ ಹಾಲ್ಕಮ್ ಎಂಬವನ ಸಂದರ್ಶನವಿತ್ತು. ಅವನು ಇಲ್ಲಿಯ ಉಪ ಶೆರಿಫ್, ಈಗ ಪೊಲೀಸರಿಗೆಲ್ಲ ಮುಖ್ಯಸ್ಥನಾದ ಶೆರಿಫ್ ಹುದ್ದೆಗೇ ಚುನಾವಣೆಗೆ ನಿಂತಿದ್ದಾನೆ. ನಾನು ಇಲ್ಲದ ದೇಶವೊಂದರ ಸುಳ್ಳು ವರದಿಗಾರ್ತಿ. ತಲೆಗೆ ಸ್ಕಾರ್ಫು, ನಾಲಿಗೆಯ ಮೇಲೆ ಅಮ್ಮನ ಉಚ್ಚಾರ. ಬರೆದುಕೊಟ್ಟ ಪ್ರಶ್ನೆಯನ್ನೇ ಕೇಳಿದೆ: "ನಮ್ಮಂಥವರ ಮನೆಗಳಿಗೆ ಗುರುತಿಗೆ ಹಳದಿ ಬಾವುಟ ಕಟ್ಟಿಸ್ತೀರಾ, ಸರ್?"

ಅವನು ರೇಗುತ್ತಾನೆ, ನಾವು ನಗುತ್ತೇವೆ ಎಂಬುದು ಲೆಕ್ಕ. ಅವನು ಅಕ್ಕರೆಯಿಂದ ನಕ್ಕ.

"ಬಾವುಟ ಯಾಕಮ್ಮ? ನಿಮ್ಮವರದು ಇಲ್ಲಿರೋದು ಒಂದೇ ಮನೆ. ಗಂಡ ಲಾರಿ ಓಡಿಸ್ತಾನೆ, ವಾರಗಟ್ಟಲೆ ಬರಲ್ಲ. ಮಗಳು ಮಧ್ಯಾಹ್ನ ಸ್ಕೂಲ್ ಬಸ್ಸಿಳಿದು ಒಬ್ಬಳೇ ನಡ್ಕೊಂಡು ಹೋಗ್ತಾಳೆ. ನಮ್ಮ ಹುಡುಗರು ನೋಡ್ಕೋತಿದಾರೆ."

ಕಿವಿಯೊಳಗಿನ ಸಣ್ಣ ಯಂತ್ರದಲ್ಲಿ ಬ್ರೆಂಟ್ ಕುಣಿಯುತ್ತಿದ್ದ. "ಬಂಗಾರ ಕಣೇ ಇದು! ಇನ್ನೂ ಕೆದಕು!"

"ಯಾವ ಹುಡುಗರು?" ಎಂದೆ. ಉಚ್ಚಾರ ಜಾರಿಬಿಟ್ಟಿತ್ತು ಅಕ್ಕ, ನಾವು ಹುಟ್ಟಿ ಬೆಳೆದ ಡಿಯರ್‌ಬಾರ್ನಿನ ಇಂಗ್ಲಿಷೇ ಬಾಯಿಗೆ ಬಂತು. ಅವನ ನಗು ನಿಂತಿತು. ಕೈಕುಲುಕಲೆಂದು ಎದ್ದವನು ಹಿಡಿದ ಕೈ ಬಿಡಲಿಲ್ಲ. "ನೀನು ನಿಜವಾಗ್ಲೂ ಯಾವೂರವಳು?" ಎಂದು ಮೆಲ್ಲಗೆ ಕೇಳಿದ.

ಹೊರಗೆ ಬಂದ ಮೇಲೆ, ಆ ಮನೆಯವರಿಗೆ ಹೇಳಲೇಬೇಕೆಂದೆ. ಪ್ರಸಾರವಾಗುವ ತನಕ ಯಾರೂ ಬಾಯಿ ಬಿಡಕೂಡದೆಂದು ಬ್ರೆಂಟ್ ಗದರಿದ. ನಾನು ಹೊರಟೇಬಿಟ್ಟೆ, ಊರಲ್ಲಿ ವಿಚಾರಿಸಿ ಆ ಮನೆ ಹುಡುಕಿದೆ.

ಬಾಗಿಲು ಸಂದಿನಷ್ಟೇ ತೆರೆಯಿತು. ಆಕೆಯ ಹೆಸರು ಹನಾನ್. ನಮ್ಮ ಅರಬ್ಬಿ ಭಾಷೆಯಲ್ಲೇ ಎಲ್ಲ ಹೇಳಿದೆ. ಆಕೆ ಅಳಲಿಲ್ಲ. "ಗೊತ್ತು ತಾಯಿ. ಬಸ್ಸಿನ ಹಿಂದೇನೇ ಒಂದು ಗಾಡಿ ಬರುತ್ತೆ. ನಾನು ಹೇಳಿದ್ರೆ ಯಾರು ನಂಬ್ತಾರೆ?" ಎಂದು ತನ್ನ ಇಂಗ್ಲಿಷಿನಲ್ಲಿ ಅಂದಳು. ನನಗೆ ಅಮ್ಮನೇ ಮಾತಾಡಿದಂತಾಯಿತು. ಅದೇ ಉಚ್ಚಾರವನ್ನು ನಾನು ಟಿವಿಯಲ್ಲಿ ಹಾಕಿದರೆ ಜನ ಬಿದ್ದು ಬಿದ್ದು ನಗುತ್ತಿದ್ದರು.

ಸಂದರ್ಶನದ ಧ್ವನಿಮುದ್ರಣದ ಪ್ರತಿಯನ್ನು ಕ್ಲೀವ್‌ಲ್ಯಾಂಡಿನ ವಕೀಲರೊಬ್ಬರಿಗೆ ಕಳಿಸಿದ್ದೇನೆ. ಅದಕ್ಕೆ ಬ್ರೆಂಟ್ ನನ್ನ ಮೇಲೆ ದಾವೆ ಹೂಡುತ್ತಾನಂತೆ, ಹೂಡಲಿ. ಅಮ್ಮನಿಗೆ ಏನೂ ಹೇಳಬೇಡ.

ನಿನ್ನ ತಂಗಿ,
ಅರ್ವಾ

ಮರೆತ ಮಾತು: ಹೋಟೆಲು ಎಂದದ್ದು ಸುಳ್ಳು. ಹನಾನಳ ಅಡುಗೆಮನೆಯಲ್ಲಿ ಕೂತಿದ್ದೇನೆ, ಆಕೆಯ ಗಂಡ ಬರುವ ತನಕ ಇಲ್ಲೇ ಇರುತ್ತೇನೆ. ಈಗಷ್ಟೇ ಮನೆಯೆದುರು ಬಿಳಿ ಗಾಡಿಯೊಂದು ಬಂದು ನಿಂತಿದೆ, ಎಂಜಿನ್ ಆರಿಸಿಲ್ಲ. ಬಸ್ಸಿನ ಹೊತ್ತಾಯಿತು, ಮಗುವನ್ನು ಕರೆತರಲು ನಾನು ಹೊರಗೆ ಹೋಗಬೇಕು. ಕಾಗದದ ಫೋಟೊ ತೆಗೆದು, ಈ ಮನೆಯ ವಿಳಾಸದ ಜೊತೆ ಕಳಿಸುತ್ತಿದ್ದೇನೆ. ಭಾವನನ್ನು ಕರೆದುಕೊಂಡು ಈಗಲೇ ಹೊರಡು. ಪೊಲೀಸರಿಗೆ ಹೇಳೆನ್ನಬೇಡ ಅಕ್ಕ, ಇಲ್ಲಿ ಪೊಲೀಸರೆಂದರೆ ಆ ಡ್ವೈಟ್ ಹಾಲ್ಕಮ್‌ನೇ.