ಅತ್ತೆಗೆ ಕೇಳಿಸಿದ ಶಬ್ದ

ಏಪ್ರಿಲ್ 9, 1984, ಸೋಮವಾರ. ತ್ಸ್ವಿಕಾವ್
ಇಂದೂ ಅಡುಗೆಮನೆಯ ಮಡಚುವ ಮಂಚದಲ್ಲೇ ಎದ್ದೆ. ತಲೆ ಆಲೂಗಡ್ಡೆ ಚೀಲದ ಪಕ್ಕ, ಕಾಲು ಒಲೆಯ ಪಕ್ಕ. ನನ್ನ ಮಂಚದಲ್ಲಿ ಹೆಂಡತಿ ಗೆರ್ಲಿಂಡೆ, ಆಕೆಯ ಪಕ್ಕದಲ್ಲಿ ಆಕೆಯ ತಾಯಿ. ಪರದೆ ಹೊಲಿಯಲೆಂದು ಹೊಲಿಗೆ ಯಂತ್ರ ಸಮೇತ ಒಂದು ವಾರಕ್ಕೆ ಬಂದವರು ಅತ್ತೆ. ತಿಂಗಳಾಗುತ್ತ ಬಂತು. ಆ ಯಂತ್ರ ಹೊತ್ತು ರೈಲು ಹತ್ತುವವರಲ್ಲ. ಅವರ ಊರು ಗೋರ್ಲಿಟ್ಸ್‌ವರೆಗೆ ನಾನೇ ಬಿಡಬೇಕು. ನಮ್ಮ ಹಳೆಯ ಟ್ರಾಬಿ ಕಾರಿನ ಎಂಜಿನ್ ಫ್ಯಾನೋ, ಕೀರಲಿಡುತ್ತಿದೆ. ಬೇರಿಂಗ್ ಸವೆದಿದೆ. ಬೇರಿಂಗ್ ಬದಲಾದರೆ ಅತ್ತೆ ಊರಿಗೆ; ಅತ್ತೆ ಊರಿಗೆ ಹೋದರೆ ಮಂಚ ನನಗೆ. ಸದ್ಯಕ್ಕೆ ನನ್ನ ತತ್ವಶಾಸ್ತ್ರ ಇಷ್ಟೇ.

ಏಪ್ರಿಲ್ 11
ನೆರೆಮನೆಯ ವುಟ್ಕೆ ಹೊಸ ಬೇರಿಂಗ್ ಕೊಟ್ಟ. ಅಂಗಡಿಯಲ್ಲಿ ಸಿಗದ್ದೆಲ್ಲ ಅವನ ಸೋಫಾ ಕೆಳಗಿರುತ್ತದೆ. ಬದಲಿಗೆ ಅತ್ತೆ ಮಾಡಿದ ಪ್ಲಮ್ ಜಾಮ್, ಎರಡು ಬಾಟಲಿ. ಫ್ಯಾನ್ ಬಿಚ್ಚಿದೆ. ಹಳೆಯ ಬೇರಿಂಗ್ ಮಾತ್ರ ತಾನು ಕೂತ ಲೋಹದ ಗೂಡು ಬಿಟ್ಟು ಅಲುಗಲಿಲ್ಲ. ಎಣ್ಣೆ ಬಿಟ್ಟೆ, ಬಡಿದೆ, ಬೈದೆ, ಬೇಡಿಕೊಂಡೆ.
"ಗೂಡು ಬಿಸಿ ಮಾಡಯ್ಯ, ತಾನೇ ಉದುರತ್ತೆ," ಅಂದ ವುಟ್ಕೆ.
"ಎಲ್ಲಿ ಬಿಸಿ ಮಾಡ್ಲಿ?"
"ನಿನ್ ಹೆಂಡ್ತಿ ಕೇಕ್ ಎಲ್ಲಿ ಬೇಯಿಸ್ತಾಳೆ? ಅವಳಿಲ್ಲದಾಗ ನೋಡ್ಕೊ."

ಏಪ್ರಿಲ್ 14, ಶನಿವಾರ
ಗೆರ್ಲಿಂಡೆ ಮಾಂಸದಂಗಡಿಯ ಸಾಲಿಗೆ ಹೋದಳು. ಗೂಡು ಓವನ್ನಿಗೆ. ಹೊಸ ಬೇರಿಂಗ್ ತಣ್ಣಗಾಗಿ ಕುಗ್ಗಲೆಂದು ಫ್ರಿಜ್ಜಿಗೆ, ಬೆಣ್ಣೆಯ ಪಕ್ಕ. ಸ್ವಲ್ಪ ಹೊತ್ತಿಗೆ ಟಣ್! ಹಳೆಯದು ತಾನೇ ಬಿತ್ತು. ಹೊಸದು ಜಾರಿ ಕೂತಿತು. ಕಣ್ಣಲ್ಲಿ ನೀರು... ಹೊಗೆಗೆ ಇರಬೇಕು.
ಸಂಜೆ ಗೆರ್ಲಿಂಡೆ: "ಏನ್ರೀ, ಕೇಕು ಗ್ರೀಸ್ ವಾಸ್ನೆ ಹೊಡೀತಿದೆ?"
"ಒಲೆ ಹಳೇದಾಯ್ತು ಕಣೆ."

ಏಪ್ರಿಲ್ 15
ಗಾಡಿ ಚಾಲೂ. ತನ್ನ ಎಂದಿನ ತಡಬಡ ಎಲ್ಲ ಇದೆ, ಕೀರಲು ಮಾತ್ರ ಇಲ್ಲ. ಹೆಮ್ಮೆಯಿಂದ ಅತ್ತೆಯನ್ನು ಕರೆದೆ. ತಲೆ ಓರೆ ಮಾಡಿ ಆಲಿಸಿದರು.
"ಇನ್ನೂ ಇದೆಯಲ್ಲ, ಅಳಿಯಂದ್ರೇ."
"ಎಲ್ಲಿ ಅತ್ತೆ?"
"ಅದೋ, ಒಳಗಡೆ. ಸಣ್ಣಗೆ."
ನನಗೆ ಕೇಳಲಿಲ್ಲ. ವುಟ್ಕೆಗೂ ಕೇಳಲಿಲ್ಲ. ಅವನಿಗೆ ಹೆಂಡತಿ ಕೂಗಿದ್ದೂ ಕೇಳುವುದಿಲ್ಲ, ಆ ಸಾಕ್ಷಿ ನಿಲ್ಲದು. ನನ್ನ ಕಿವಿ ಕೆಟ್ಟಿತೇ? ಏನೂ ತಿಳಿಯುತ್ತಿಲ್ಲ.

ಏಪ್ರಿಲ್ 17
ಅಂಗಳದಲ್ಲಿ ಎಂಜಿನ್ನಿಗೆ ಕಿವಿಗೊಟ್ಟು ಕೂತಿದ್ದೆ. ಅತ್ತೆ ಬಂದರು. ಅತ್ತಿತ್ತ ನೋಡಿದರು.
"ನನ್ ಜೊತೆ ಇರೋ ತಂಗಿ ಲೀಸ್ಬೆತ್ ಏನ್ ಮಾಡಿದಾಳೆ ಗೊತ್ತಾ? ಕಟ್ಟಡದ ಮೆಟ್ಟಿಲು ಒರೆಸೋ ನನ್ನ ಸರದಿ ಬಂದಾಗ ನಾನು ಒಂದು ಬಿಟ್ಟು ಒಂದು ಒರೆಸ್ತೀನಂತೆ! ಇಡೀ ಕಟ್ಟಡಕ್ಕೆ ಸಾರಿದಾಳೆ. ತಪ್ಪಾಯ್ತು ಅಂತ ಬರೀಲಿ, ಆಮೇಲೆ ಹೋಗ್ತೀನಿ. ಮಗಳಿಗೆ ಹೇಳ್ಬೇಡಿ, ನಗ್ತಾಳೆ."
"ಹಾಗಾದ್ರೆ ಶಬ್ದ?"
"ಇದೆ," ಅಂದರು. ಆಮೇಲೆ ಮೆಲ್ಲಗೆ, "ಇರ್ಲಿ."
ಊಟಕ್ಕೆ ಕೂತಾಗ ಗೆರ್ಲಿಂಡೆ ಕೇಳಿದಳು: "ಗಾಡಿ ಸರಿಹೋಯ್ತಾ?"
ಅತ್ತೆ ನನ್ನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಉಂಡೆ ಹಾಕಿದರು. ನನ್ನ ಕಣ್ಣಮುಂದೆ ಮಂಚ.
"ಸಣ್ಣ ಶಬ್ದ ಇದೆ ಇನ್ನೂ," ಅಂದೆ.
ಯಾಕೆ ಅಂದೆ?

ಏಪ್ರಿಲ್ 19
ಸುಳ್ಳಿಗೂ ಮೈಮುರಿದು ದುಡಿಯಬೇಕು. ಗೆರ್ಲಿಂಡೆ ಕಿಟಕಿಯಿಂದ ನೋಡುತ್ತಿರುತ್ತಾಳೆ. ಸರಿಯಾಗಿದ್ದ ಫ್ಯಾನನ್ನೇ ಮತ್ತೆ ಬಿಚ್ಚಿದೆ. ಓವನ್ನಿನಲ್ಲಿ ಈಸ್ಟರ್ ಕೇಕು, ನನಗೆ ಜಾಗವಿಲ್ಲ. ಬೇರಿಂಗನ್ನು ಬಡಿದು ತೆಗೆದೆ, ಬಡಿದೇ ಕೂರಿಸಿದೆ. ತುಸು ಓರೆಯಾಗಿ ಕೂತಿತೇನೋ... ಇರಲಿ. ಅವಸರವೇನಿದೆ?

ಏಪ್ರಿಲ್ 21, ಶನಿವಾರ, ಬೆಳಿಗ್ಗೆ
ಲೀಸ್ಬೆತ್ ಕಾರ್ಡು ಬಂತು. 'ನೀನು ಎಲ್ಲ ಮೆಟ್ಟಿಲೂ ಒರೆಸುತ್ತೀಯೆಂದು ಎಲ್ಲರಿಗೂ ಹೇಳಿದ್ದೇನೆ. ಹಬ್ಬಕ್ಕೆ ಬಾ.' ಓದಿದ್ದೇ ತಡ, ಅತ್ತೆ ಕೋಟು ತೊಟ್ಟು, ಟೋಪಿ ಇಟ್ಟು, ಗಾಡಿಯಲ್ಲಿ.
ಚಾಲೂ ಮಾಡಿದೆ. ಕೀಈಈಈ! ಅಂಗಳದ ಪಾರಿವಾಳಗಳೆಲ್ಲ ಎದ್ದವು.
"ಅತ್ತೆ, ಶಬ್ದ!"
"ಯಾವ ಶಬ್ದ?"
"ಇದೇ! ಇಡೀ ಬೀದಿಗೆ ಕೇಳ್ತಿದೆಯಲ್ಲ!"
"ನಂಗೇನೂ ಕೇಳಿಸ್ತಿಲ್ಲಪ್ಪ. ನಡೀರಿ, ನಡೀರಿ."
ಮೇಲಿನ ಕಿಟಕಿಯಿಂದ ವುಟ್ಕೆ: "ಲೋಥಾರ್, ಈಗ ನಂಗೂ ಕೇಳ್ತು ಕಣೋ!"

ಇನ್ನೂ ಅದೇ ಬೆಳಿಗ್ಗೆ
ಸುತ್ತಿಗೆ ತರುತ್ತೇನೆಂದು ಮೇಲೆ ಬಂದಿದ್ದೇನೆ. ಗೆರ್ಲಿಂಡೆ ನನ್ನ ಮಂಚಕ್ಕೆ ಒಗೆದ ಹಾಸು ಹಾಸಿಟ್ಟಿದ್ದಾಳೆ. ಬೇರಿಂಗ್ ಗೋರ್ಲಿಟ್ಸ್ ಮುಟ್ಟೀತೇ? ನಡುದಾರಿಯ ಡ್ರೆಸ್ಡೆನ್ನಾದರೂ ದಾಟೀತೇ? ದಾರಿಯಲ್ಲಿ ನಿಂತರೆ ಅತ್ತೆ, ಯಂತ್ರ, ನಾನು ಮೂವರೂ ವಾಪಸು ಇಲ್ಲಿಗೇ. ಈಗಲೇ ಬಿಚ್ಚೋಣವೆಂದರೆ ಅವರು ಸೀಟು ಬಿಟ್ಟು ಇಳಿಯರು. ಕೆಳಗೆ ಹಾರ್ನ್. ಅತ್ತೆಯೇ ಒತ್ತುತ್ತಿದ್ದಾರೆ. ಮತ್ತೆ ಒತ್ತಿದರು. ಬಂದೆ ಅತ್ತೆ, ಬಂ—