ಗುಬ್ಬಿ ಕಂಪ್ಯೂಟರಿನ ಕಪಾಟು

ಗುರುವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹನ್ನೊಂದು ವರ್ಷದ ಮೇಲೆ ಅಕ್ಕನ ಕಾಗದ ಬಂತೆಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಸತ್ತದ್ದು ನಮ್ಮ ಗುಬ್ಬಿ ಕಂಪ್ಯೂಟರ್ ಒಂದೇ. ಅದಕ್ಕೀಗ ಮೂವರು ವಾರಸುದಾರರು: ಮಾಡಿದ ನೀನು, ಮಾರಿದ ನಾನು, ಅಂಗಡಿ ಮುಚ್ಚಿದಾಗ ನಮ್ಮ ಸಾಮಾನನ್ನು ಹರಾಜಿನಲ್ಲಿ ಹಿಡಿದ ಆ ಕನ್ನಡಕದವನು.

ನಿನ್ನೆ ನನ್ನ ವಕೀಲರು ಅವನು ನ್ಯಾಯಾಲಯಕ್ಕೆ ಕೊಟ್ಟ ವಾದ ಓದಿ ಹೇಳಿದರು. ಹರಾಜಿನ ಪಟ್ಟಿಯಲ್ಲಿ ಮೂವತ್ತೊಂದನೆಯ ಸಾಲು: ಕಬ್ಬಿಣದ ಕಪಾಟು ಒಂದು, ಒಳಗಿನ ಕಾಗದಪತ್ರ ಸಮೇತ. ನೀನು ಬರೆದ ಗುಬ್ಬಿಯ ನಕ್ಷೆಗಳೆಲ್ಲ ಅದರಲ್ಲೇ ಇದ್ದವಂತೆ, ಆಮೇಲೆ ಕಳೆದುಹೋದವಂತೆ. ಹಾಗಾಗಿ ಗುಬ್ಬಿಯ ವಿನ್ಯಾಸ, ಹೆಸರು, ಚಿತ್ರ ಎಲ್ಲವೂ ತನ್ನದಂತೆ. ಹೊಸ ಗುಬ್ಬಿ ಮಾಡಿ ಮಾರುತ್ತಾನಂತೆ.

"ಈ ಪಟ್ಟಿ ಬರೆದ ಪುಣ್ಯಾತ್ಮರು ಯಾರಮ್ಮಾ?" ಎಂದರು ವಕೀಲರು.

"ನಿಮ್ಮೆದುರಿಗೇ ಕೂತಿದಾಳೆ" ಎಂದೆ.

ಸ್ಕ್ರೂಗಳನ್ನೂ ಎಣಿಸಿ ಬರೆದವಳು ನಾನು. ಆ ಕಪಾಟಿನಲ್ಲಿ ಉಳಿದಿದ್ದದ್ದು ಹಳೆಯ ಕರೆಂಟ್ ಬಿಲ್ಲುಗಳು. ಅವನ್ನು ಯಾರು ಎಣಿಸುತ್ತಾರೆಂದು 'ಸಮೇತ' ಎಂದು ಗೀಚಿ ಕೈ ತೊಳೆದುಕೊಂಡೆ. ಅವನು ಹರಾಜಿನಲ್ಲಿ ಗೆದ್ದದ್ದು ಆ ಬಿಲ್ಲುಗಳನ್ನೇ.

ಹರಾಜು ಮುಗಿದ ದಿನ ನೀನು ಬಾಗಿಲಲ್ಲಿ ನಿಂತು, "ನನ್ನ ನಕ್ಷೆಗಳನ್ನೂ ಮಾರಿಬಿಟ್ಯಾ, ಅಕ್ಕಾ?" ಎಂದು ಕೇಳಿದೆ. ಹೌದು ಎಂದೆ. ಸುಳ್ಳು. ಹರಾಜಿನ ಹಿಂದಿನ ದಿನವೇ ಅವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದಿದ್ದೆ. ನೀನು ಆಗಲೇ ಬೇರೆಯವರ ಜೊತೆ ಹೊಸ ಅಂಗಡಿಯ ಮಾತಾಡುತ್ತಿದ್ದೆ. ಗುಬ್ಬಿ ಅವರ ಮನೆಯಲ್ಲಿ ಚಿಲಿಪಿಲಿ ಅನ್ನುವುದು ನನಗೆ ಬೇಕಿರಲಿಲ್ಲ. ಹೊಟ್ಟೆಕಿಚ್ಚು ಎನ್ನು, ನಾನು ಜಗಳಕ್ಕೆ ಬರುವುದಿಲ್ಲ.

ಮೊದಲ ಯಂತ್ರ ಕೀಚಲು ದನಿ ಹೊರಡಿಸಿದಾಗ, "ಡಬ್ಬದೊಳಗೆ ಗುಬ್ಬಿ ಮರಿ ಸಾಕಿದೀರೇನ್ರೋ?" ಎಂದು ಅಮ್ಮ ಬೈದದ್ದು ನೆನಪಿದೆಯಾ? ಹೆಸರು ಇಟ್ಟವಳು ಅವಳು. ಲೆಕ್ಕಕ್ಕೆ ಕೂತರೆ ನಾವಿಬ್ಬರೂ ಅವಳ ಹಿಂದೆ ಸಾಲಿನಲ್ಲಿ ನಿಲ್ಲಬೇಕು.

ನಕ್ಷೆಗಳು ಈ ಕಾಗದದ ಜೊತೆಗಿವೆ, ನಲವತ್ತೆರಡು ಹಾಳೆ, ಎಣಿಸಿಕೋ. ಸೋಮವಾರ ಅವನ್ನು ತೆಗೆದುಕೊಂಡು ನ್ಯಾಯಾಲಯಕ್ಕೆ ಬಾ. ಹರಾಜಿಗೆ ಮುಂಚೆಯೇ ಅವನ್ನು ತೆಗೆದಿಟ್ಟವಳು ನಾನೆಂದು ಎಲ್ಲರೆದುರು ಹೇಳುತ್ತೇನೆ. ನಿನಗೆ ಸುಳ್ಳು ಹೇಳಿದ್ದನ್ನೂ ಸೇರಿಸಿ. ಹಾಗೆಂದು ನನ್ನ ಪಾಲು ಬಿಟ್ಟುಕೊಟ್ಟೆ ಎಂದುಕೊಳ್ಳಬೇಡ. ಮೂವರಲ್ಲಿ ಒಬ್ಬನನ್ನು ಕಳೆಯೋಣ. ಉಳಿದ ಇಬ್ಬರು ಮನೆಯಲ್ಲಿ ಕೂತು ಕಚ್ಚಾಡಬಹುದು.

ನಿನ್ನ
ಅಕ್ಕ

ಮರೆತಿದ್ದೆ: ಹದಿನೇಳನೆಯ ಹಾಳೆಯ ಮೇಲಿನ ಟೀ ಲೋಟದ ಗುರುತು ನಿನ್ನ ಕಾಲದ್ದಲ್ಲ. ಹೋದ ವಾರದ್ದು.